ಮೂವತ್ತೆರಡು ಬಿಲ್ಲೆಗಳ ಲೆಕ್ಕ

ಎಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಜಾಲಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಮೈಕ್ರೋವೇವ್ ಟ್ಯೂಬುಗಳ ವಿನ್ಯಾಸದ ಕೆಲಸಕ್ಕೆ ಸೇರಿದೆ. ಮೊದಲ ಕೆಲವು ತಿಂಗಳು ನನ್ನ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ. ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್ಲು, ಸ್ಕೇಲು, ರಬ್ಬರು ಇದ್ದವು. ಟ್ಯೂಬಿನೊಳಕ್ಕೆ ಎಲೆಕ್ಟ್ರಾನ್ ಕಿರಣ ಬಿಡುವ ಎಲೆಕ್ಟ್ರಾನ್ ಗನ್ನಿನ ಅರ್ಧ ಸೀಳುನೋಟವನ್ನು ಹಾಳೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಬರೆಯಬೇಕು. ಕ್ಯಾಥೋಡಿನ ಬಾಗು, ಅದರ ಅಂಚಿನ ಫೋಕಸ್ ಎಲೆಕ್ಟ್ರೋಡು, ಎದುರಿನ ಆನೋಡು, ಇವುಗಳ ಗೆರೆ ಗ್ರಾಫಿನ ಚೌಕಗಳನ್ನು ಎಲ್ಲೆಲ್ಲಿ ಕಡಿಯುತ್ತದೋ ಅಲ್ಲೆಲ್ಲ ಚುಕ್ಕೆ ಇಡಬೇಕು. ಹತ್ತಿರದ ಮೂಲೆಯಿಂದ ಆ ಚುಕ್ಕೆ ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ ಎಂದು ದಶಾಂಶದಲ್ಲಿ ಬರೆದುಕೊಳ್ಳಬೇಕು. ಒಂದು ಗನ್ನಿಗೆ ಇಂಥ ಸಾಲುಗಳು ನೂರಾರು. ಒಂದು ಸಾಲು ಬಿಟ್ಟುಹೋದರೂ ಆ ಎಲೆಕ್ಟ್ರೋಡಿನಲ್ಲಿ ತೂತಿದೆ ಎಂದೇ ಕಂಪ್ಯೂಟರ್ ತಿಳಿಯುತ್ತಿತ್ತು.

ಈ ಸಾಲುಗಳೆಲ್ಲ ಇಗನ್ ಎಂಬ ಪ್ರೋಗ್ರಾಮಿನ ಹೊಟ್ಟೆಗೆ ಹೋಗುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಲರೇಟರ್ ಸೆಂಟರಿನ ವಿಲಿಯಂ ಹರ್ಮನ್ಸ್‌ಫೆಲ್ಟ್ ಫೋರ್ಟ್ರಾನ್‌ನಲ್ಲಿ ಬರೆದ ಪ್ರೋಗ್ರಾಮು ಅದು. ಅದರ 1979ರ ವರದಿ ಜಗತ್ತಿನ ಟ್ಯೂಬು ವಿನ್ಯಾಸಕಾರರ ಪಾಲಿಗೆ ಕೈಪಿಡಿಯೇ ಆಗಿತ್ತು. ನಮ್ಮಲ್ಲಿದ್ದದ್ದು ಜೆರಾಕ್ಸಿನ ಜೆರಾಕ್ಸು. ಕೆಲವು ಪುಟಗಳಲ್ಲಿ ಅಂಕಿಗಳನ್ನು ಊಹಿಸಿಯೇ ಓದಬೇಕಿತ್ತು.

ಇಗನ್ ಮಾಡುತ್ತಿದ್ದದ್ದು ಹೇಳಿದರೆ ಸರಳ. ಮೊದಲು ಎಲೆಕ್ಟ್ರಾನ್‌ಗಳೇ ಇಲ್ಲವೆಂದುಕೊಂಡು ಗನ್ನಿನೊಳಗೆ ವೋಲ್ಟೇಜು ಹೇಗೆ ಹಂಚಿಕೆಯಾಗಿದೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಆ ಕ್ಷೇತ್ರದೊಳಕ್ಕೆ ಕ್ಯಾಥೋಡಿನಿಂದ ಎಲೆಕ್ಟ್ರಾನ್ ಕಿರಣಗಳನ್ನು ಬಿಡುತ್ತದೆ. ಅವು ಸಾಗಿದ ದಾರಿಯುದ್ದಕ್ಕೂ ಅವುಗಳ ವಿದ್ಯುದಂಶವನ್ನು ಹಂಚುತ್ತದೆ. ಹಂಚಿದ ಮೇಲೆ ಕ್ಷೇತ್ರವೇ ಬದಲಾಗುತ್ತದಲ್ಲ, ಹಾಗಾಗಿ ಮತ್ತೆ ಮೊದಲಿನಿಂದ ಲೆಕ್ಕ, ಮತ್ತೆ ಕಿರಣ. ಎರಡು ಸುತ್ತಿನ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯದಾಗ ನಿಲ್ಲುತ್ತದೆ. ಕ್ಯಾಥೋಡಿನಿಂದ ಎಷ್ಟು ಕರೆಂಟು ಹೊರಡಬೇಕು ಎಂಬುದಕ್ಕೆ ಚೈಲ್ಡ್-ಲ್ಯಾಂಗ್‌ಮ್ಯೂರ್ ನಿಯಮ ಇದೆ: ವೋಲ್ಟೇಜನ್ನು ನಾಲ್ಕು ಪಟ್ಟು ಏರಿಸಿದರೆ ಕರೆಂಟು ಎಂಟು ಪಟ್ಟು ಏರುತ್ತದೆ. ಇಡೀ ಪ್ರೋಗ್ರಾಮು ಈ ನಿಯಮದ ಬೆನ್ನೆಲುಬಿನ ಮೇಲೆ ನಿಂತಿದೆ.

ಇಷ್ಟಾದರೂ ನಮ್ಮ ಹಿರಿಯರ ಕಣ್ಣಿಗೆ ನಾವು ಸುಖಪುರುಷರು. ಅವರು ಕಲಿಯುವಾಗ ಬಳಸುತ್ತಿದ್ದದ್ದು ನೀರಿನ ತೊಟ್ಟಿ. ಓರೆಯಾಗಿ ಇಟ್ಟ ತೊಟ್ಟಿಯಲ್ಲಿ ನೀರು ತುಂಬಿ, ತಗಡಿನಲ್ಲಿ ಎಲೆಕ್ಟ್ರೋಡುಗಳ ಆಕಾರ ಕತ್ತರಿಸಿ ನಿಲ್ಲಿಸಿ, ಅವಕ್ಕೆ ವೋಲ್ಟೇಜು ಕೊಟ್ಟು, ಒಂದು ಸೂಜಿಯನ್ನು ನೀರಿನಲ್ಲಿ ಸರಿಸುತ್ತಾ ಸಮಾನ ವೋಲ್ಟೇಜಿನ ಗೆರೆಗಳನ್ನು ಹುಡುಕುವುದು. ಅದಕ್ಕಿಂತ ಸೊಗಸಾದ ಇನ್ನೊಂದು ವಿಧಾನವೂ ಇತ್ತು. ಬಿಗಿಯಾಗಿ ಎಳೆದ ರಬ್ಬರ್ ಹಾಳೆಯನ್ನು ಎಲೆಕ್ಟ್ರೋಡುಗಳ ಜಾಗದಲ್ಲಿ ವೋಲ್ಟೇಜಿಗೆ ತಕ್ಕಂತೆ ಮೇಲೆ ಕೆಳಗೆ ಮಾಡಿ, ಅದರ ಮೇಲೆ ಉಕ್ಕಿನ ಗುಂಡು ಉರುಳಿಸುವುದು. ಗುಂಡು ಹೋದ ದಾರಿಯೇ ಎಲೆಕ್ಟ್ರಾನಿನ ದಾರಿ. 1930ರ ದಶಕದಲ್ಲಿ ಫಿಲಿಪ್ಸ್, ಆರ್‌ಸಿಎ ಕಂಪನಿಗಳ ಪ್ರಯೋಗಾಲಯಗಳಲ್ಲಿ ಇದನ್ನು ನಿಜವಾಗಿಯೂ ಬಳಸಿದ್ದರು. ಗುಂಡಿಗೆ ಒಂದೇ ಕೊರತೆ: ಒಂದು ಗುಂಡು ಇನ್ನೊಂದನ್ನು ದೂರ ತಳ್ಳುವುದಿಲ್ಲ, ಎಲೆಕ್ಟ್ರಾನ್‌ಗಳು ತಳ್ಳುತ್ತವೆ. ಕಂಪ್ಯೂಟರ್ ಬಂದದ್ದು ಈ ತಳ್ಳಾಟದ ಲೆಕ್ಕ ಹಾಕುವುದಕ್ಕೆ.

ಗನ್ನಿನ ಲೆಕ್ಕ ಮುಗಿದು ಡ್ರಾಯಿಂಗು ಅಸೆಂಬ್ಲಿ ಹಾಲಿಗೆ ಹೋದರೆ ಅಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತಿತ್ತು. ಅಲ್ಲಿನ ಹಿರಿಯ ಫೋರ್‌ಮನ್ ಒಬ್ಬರು ಬಿಳಿ ಕೋಟು, ಕೈಗವಸು ಹಾಕಿ ಟೂಲ್‌ಮೇಕರ್ಸ್ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತಿದ್ದರು. ವಿನ್ಯಾಸ ವಿಭಾಗಕ್ಕೆ ಯಾರೇ ಹೊಸಬರು ಬರಲಿ, ಅವರ ಮೊದಲ ಡ್ರಾಯಿಂಗು ಕೈಗೆ ಬಂದ ಕೂಡಲೇ ಕ್ಯಾಥೋಡು–ಆನೋಡು ನಡುವಿನ ಅಳತೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದರು: “ಸಾರ್, ಈ ಗ್ಯಾಪು ತಣ್ಣಗಿದ್ದಾಗಿಂದೋ, ಕಾದಾಗಿಂದೋ?”

ಪ್ರಶ್ನೆ ಸಣ್ಣದಲ್ಲ. ಬೇರಿಯಂ ಸಂಯುಕ್ತ ತುಂಬಿದ ಟಂಗ್‌ಸ್ಟನ್ನಿನ ಕ್ಯಾಥೋಡು ಕೆಲಸ ಮಾಡುವುದು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಹಿಡಿದಿರುವ ಮಾಲಿಬ್ಡಿನಮ್ ಆಧಾರವೂ ಕಾಯುತ್ತದೆ, ಹಿಗ್ಗುತ್ತದೆ. ಮಾಲಿಬ್ಡಿನಮ್ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಐದು ಪಾಲು ಹಿಗ್ಗುವ ಲೋಹ. ಆಧಾರ 20 ಮಿಲಿಮೀಟರ್ ಇದ್ದು, ಎಲ್ಲವೂ ಒಂದೇ ಸಮ ಕಾದರೆ, ಕ್ಯಾಥೋಡು 0.1 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಗ್ಯಾಪು 5 ಮಿಲಿಮೀಟರ್ ಆಗಿದ್ದರೆ ಇದು ನೂರಕ್ಕೆ ಎರಡು. ಕರೆಂಟು ಗ್ಯಾಪಿನ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅದು ನೂರಕ್ಕೆ ನಾಲ್ಕು ಏರುತ್ತದೆ. ಇಗನ್‌ಗೆ ಗೊತ್ತಿದ್ದದ್ದು ಕಾದ ಗ್ಯಾಪು. ಅಸೆಂಬ್ಲಿಯವರು ಕೈಯಲ್ಲಿ ಹಿಡಿದದ್ದು ತಣ್ಣನೆಯ ಗ್ಯಾಪು. ಇವೆರಡರ ನಡುವಿನ ವ್ಯತ್ಯಾಸ ಬರೆಯದ ಡ್ರಾಯಿಂಗನ್ನು ಫೋರ್‌ಮನ್ ಒಂದು ಮಾತೂ ಆಡದೆ ವಾಪಸು ಕಳಿಸುತ್ತಿದ್ದರು. ವಿನ್ಯಾಸ ವಿಭಾಗದಲ್ಲಿ ಯಾವ ಬಾಸ್‌ಗೂ ಅಷ್ಟು ಹೆದರಿದವರು ಇರಲಿಲ್ಲ.

ಗನ್ನು ಟ್ಯೂಬಿನ ಆರಂಭ ಮಾತ್ರ. ನನ್ನ ಹೆಚ್ಚಿನ ವರ್ಷಗಳು ಕಳೆದದ್ದು ಟ್ರಾವೆಲಿಂಗ್ ವೇವ್ ಟ್ಯೂಬಿನ ಜೊತೆ. ನಮ್ಮ ಬಾಯಲ್ಲಿ ಟಿಡಬ್ಲ್ಯೂಟಿ. ರೂಡಾಲ್ಫ್ ಕಾಂಪ್‌ಫ್ನರ್ ಎಂಬಾತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1943ರಲ್ಲಿ ಕಂಡುಹಿಡಿದದ್ದು. ಆತ ಓದಿದ್ದು ವಾಸ್ತುಶಿಲ್ಪ. ಟ್ಯೂಬಿನ ನಡುವೆ ಸಪೂರವಾದ ತಂತಿಯ ಸುರುಳಿ, ಅದೇ ಹೆಲಿಕ್ಸ್. ಮೈಕ್ರೋವೇವ್ ಸಂಕೇತ ತಂತಿಯ ಗುಂಟ ಬೆಳಕಿನ ವೇಗದಲ್ಲೇ ಓಡುತ್ತದೆ. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸು ಎಷ್ಟು ಓಡಿದರೂ ಮುಂದಕ್ಕೆ ಸಾಗಿದ್ದು ಕಡಿಮೆಯೇ ಆಗುವಂತೆ, ಸುತ್ತಿ ಸುತ್ತಿ ಹೋಗುವುದರಿಂದ ಅದರ ಮುನ್ನಡೆ ನಿಧಾನ. 10,000 ವೋಲ್ಟಿನಲ್ಲಿ ಹೊರಟ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು ಐದನೇ ಒಂದು ಪಾಲು. ಸುರುಳಿಯ ಪಿಚ್ಚನ್ನು, ಎಂದರೆ ಸುತ್ತು ಸುತ್ತಿನ ನಡುವಿನ ಅಂತರವನ್ನು, ಸರಿಯಾಗಿ ಇಟ್ಟರೆ ಅಲೆಯೂ ಎಲೆಕ್ಟ್ರಾನ್ ಕಿರಣವೂ ಜೊತೆಜೊತೆಗೆ ಸಾಗುತ್ತವೆ. ಎಲೆಕ್ಟ್ರಾನ್‌ಗಳು ಅಲೆಗಿಂತ ಒಂದಿಷ್ಟೇ ವೇಗವಾಗಿ ಸಾಗಿದರೆ ತಮ್ಮ ಶಕ್ತಿಯನ್ನು ಅಲೆಗೆ ಕೊಡುತ್ತಾ ಹೋಗುತ್ತವೆ.

ಬೆಲ್ ಲ್ಯಾಬ್ಸ್‌ನ ಜಾನ್ ಪಿಯರ್ಸ್ ಇದಕ್ಕೆ ಬರೆದ ಸಿದ್ಧಾಂತದ ಸಾರ ಒಂದೇ ಸಾಲು. ಗೇನು, ಡೆಸಿಬೆಲ್‌ನಲ್ಲಿ, ಮೈನಸ್ 9.54 ಕೂಡಿಸು 47.3 ಗುಣಿಸು ಸಿ ಗುಣಿಸು ಎನ್. ಕಿರಣಕ್ಕೂ ಅಲೆಗೂ ಎಷ್ಟು ಗಟ್ಟಿ ನಂಟು ಎಂಬುದು ಸಿ. ಟ್ಯೂಬಿನ ಉದ್ದದಲ್ಲಿ ಎಷ್ಟು ಅಲೆಗಳಿವೆ ಎಂಬುದು ಎನ್. ಸಿ 0.1, ಎನ್ 10 ಆದರೆ ಸುಮಾರು 38 ಡೆಸಿಬೆಲ್. ಎಂದರೆ ಸಂಕೇತದ ಶಕ್ತಿ ಸುಮಾರು ಆರು ಸಾವಿರ ಪಟ್ಟು. ಇದನ್ನು ಹಾಕಲು ಕಂಪ್ಯೂಟರ್ ಯಾಕೆ, ಊಟದ ಡಬ್ಬಿಯ ಪಕ್ಕದಲ್ಲಿಟ್ಟ ಕ್ಯಾಲ್ಕುಲೇಟರ್ ಸಾಕು. ಆದರೆ ಈ ಸೂತ್ರ ಸಣ್ಣ ಸಂಕೇತಕ್ಕೆ ಮಾತ್ರ. ಎಲೆಕ್ಟ್ರಾನ್‌ಗಳು ಕೊಟ್ಟೂ ಕೊಟ್ಟೂ ಸೋತು ಹಿಂದೆ ಬಿದ್ದಾಗ, ಟ್ಯೂಬು ಇನ್ನು ಹೆಚ್ಚಿನದನ್ನು ಕೊಡಲಾರೆ ಎಂದಾಗ ಏನಾಗುತ್ತದೆ ಎಂಬುದನ್ನು ಅದು ಹೇಳದು. ಗಿರಾಕಿ ಕೇಳುವುದು ಅದನ್ನೇ: ಎಷ್ಟು ವ್ಯಾಟು ಬರುತ್ತದೆ?

ಇಲ್ಲಿಯೇ ಬಿಲ್ಲೆಗಳ ಲೆಕ್ಕ ಬರುವುದು. ಅಲೆಯ ಒಂದು ಆವರ್ತದಷ್ಟು ಕಾಲದಲ್ಲಿ ಹೆಲಿಕ್ಸಿನೊಳಗೆ ಬರುವ ಎಲೆಕ್ಟ್ರಾನ್‌ಗಳನ್ನು 24 ಅಥವಾ 32 ತೆಳು ಬಿಲ್ಲೆಗಳಾಗಿ ಎಣಿಸಿಕೊಳ್ಳುವುದು. ಪ್ರತಿ ಬಿಲ್ಲೆಯ ಮೇಲೂ ಅಲೆಯ ತಳ್ಳು ಎಷ್ಟು, ಅಕ್ಕಪಕ್ಕದ ಬಿಲ್ಲೆಗಳ ತಳ್ಳು ಎಷ್ಟು, ಅದರಿಂದ ವೇಗ ಎಷ್ಟು ಬದಲಾಯಿತು, ಬಿಲ್ಲೆಗಳು ಕಳೆದುಕೊಂಡ ಶಕ್ತಿಯಿಂದ ಅಲೆ ಎಷ್ಟು ಬೆಳೆಯಿತು ಎಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುತ್ತಾ ಟ್ಯೂಬಿನ ಕೊನೆಯವರೆಗೆ ಹೋಗುವುದು. ಆರ್ನಾಲ್ಡ್ ನಾರ್ಡ್‌ಸೀಕ್ 1953ರಲ್ಲಿ ದಾರಿ ತೋರಿಸಿದ್ದ. ನಾವು ಇಂಥದೊಂದನ್ನು ಫೋರ್ಟ್ರಾನ್‌ನಲ್ಲಿ ನಾವೇ ಬರೆದೆವು. ಪಿಸಿ-ಎಟಿ ಕಂಪ್ಯೂಟರ್, ಡಾಸ್ ಕೊಡುತ್ತಿದ್ದ 640 ಕಿಲೋಬೈಟ್ ಮೆಮೊರಿ, ಲೆಕ್ಕಕ್ಕೆ ಆಸರೆಯಾಗಿ ಕೋ-ಪ್ರೊಸೆಸರ್ ಚಿಪ್ಪು. ಬಣ್ಣದ ಚಿತ್ರದ ಮಾತೇ ಇರಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರ್ರ್ ಎನ್ನುತ್ತಾ ಹಾಳೆಯ ಮೇಲೆ ನಕ್ಷತ್ರ ಚಿಹ್ನೆಗಳನ್ನು ಉದುರಿಸುತ್ತಿತ್ತು. ಒಂದು ಚಿಹ್ನೆ ಒಂದು ಬಿಲ್ಲೆ. ಅಡ್ಡಕ್ಕೆ ಅದರ ಫೇಸು, ಮೇಲಕ್ಕೆ ಅದರ ವೇಗ.

ಆ ಹಾಳೆಗಳನ್ನು ಉದ್ದಕ್ಕೆ ಮೇಜಿನ ಮೇಲೆ ಹರವಿ ನೋಡಿದರೆ ಟ್ಯೂಬಿನೊಳಗಿನ ವ್ಯವಹಾರವೆಲ್ಲ ಕಾಣುತ್ತಿತ್ತು. ಶುರುವಿನಲ್ಲಿ ಮೂವತ್ತೆರಡು ಚಿಹ್ನೆಗಳೂ ಒಂದೇ ಗೆರೆಯಲ್ಲಿ, ಸಮ ಅಂತರದಲ್ಲಿ. ಸ್ವಲ್ಪ ಮುಂದೆ ಗೆರೆ ಬಳುಕುತ್ತದೆ. ಇನ್ನೂ ಮುಂದೆ ಬಿಲ್ಲೆಗಳು ಗುಂಪುಗೂಡಿ, ಅಲೆಯ ಎದುರು ತಳ್ಳುವ ಭಾಗದಲ್ಲಿ ಸೇರಿಕೊಂಡು ವೇಗ ಕಳೆದುಕೊಳ್ಳುತ್ತವೆ. ಕೊನೆಯ ಭಾಗದಲ್ಲಿ ಸೋತ ಕೆಲವು ಬಿಲ್ಲೆಗಳು ಹಿಂದಕ್ಕೆ ಜಾರಿ, ಅಲೆಯಿಂದಲೇ ಶಕ್ತಿ ವಾಪಸು ಪಡೆಯಲು ಶುರು ಮಾಡುತ್ತವೆ. ಟ್ಯೂಬಿನ ಬೆಳವಣಿಗೆ ನಿಲ್ಲುವುದು ಅಲ್ಲಿ. ಹಾಗಾದರೆ ಎಲೆಕ್ಟ್ರಾನ್‌ಗಳು ಸೋಲುವ ಕಡೆ ಅಲೆಯನ್ನೂ ನಿಧಾನ ಮಾಡಿದರೆ? ಹೆಲಿಕ್ಸಿನ ಪಿಚ್ಚನ್ನು ಕೊನೆಯ ಭಾಗದಲ್ಲಿ ಕಡಿಮೆ ಮಾಡಿದರೆ ಅಲೆ ಎಲೆಕ್ಟ್ರಾನ್‌ಗಳಿಗಾಗಿ ಕಾಯುತ್ತದೆ, ಅವು ಇನ್ನಷ್ಟು ಕೊಡುತ್ತವೆ. ಎಲ್ಲಿಂದ ಕಡಿಮೆ ಮಾಡಬೇಕು, ಎಷ್ಟು ಮಾಡಬೇಕು ಎಂದು ಒಂದೊಂದೇ ಅಂಕಿ ಬದಲಿಸಿ ಓಡಿಸುತ್ತಿದ್ದೆವು. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ. ಆ ವೇಗವೇ ನಮ್ಮ ಮೇಷ್ಟ್ರು. ಬೆಳಿಗ್ಗೆ ಹೊಳೆದ ಅನುಮಾನಕ್ಕೆ ಮಧ್ಯಾಹ್ನದೊಳಗೆ ಉತ್ತರ ಸಿಗುತ್ತಿತ್ತು. ಆ ಉತ್ತರದಿಂದ ಇನ್ನೊಂದು ಅನುಮಾನ ಹುಟ್ಟುತ್ತಿತ್ತು.

ಸ್ವಂತ ಕೋಡು ಬರೆದದ್ದಕ್ಕೆ ಬರೀ ಉತ್ಸಾಹ ಕಾರಣವಲ್ಲ. ಕೊಳ್ಳುವುದು ಸುಲಭವಿರಲಿಲ್ಲ. ಟ್ಯೂಬು ಎಂದರೆ ರೇಡಾರು, ರೇಡಾರು ಎಂದರೆ ರಕ್ಷಣೆ. ಅಮೆರಿಕದ ಕೆಲವು ಕೋಡುಗಳನ್ನು ಅವರ ಸರ್ಕಾರದ ಅನುಮತಿ ಇಲ್ಲದೆ ಹೊರಗೆ ಕೊಡುವಂತಿರಲಿಲ್ಲ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ಹಲವು ಭಾರತೀಯ ಸಂಸ್ಥೆಗಳನ್ನು ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿದಾಗ ಬಾಗಿಲು ಇನ್ನೂ ಬಿಗಿಯಾಯಿತು. ಆದರೆ ಅಷ್ಟು ಹೊತ್ತಿಗೆ ದೇಶದಲ್ಲಿ ಲೆಕ್ಕ ಬಲ್ಲವರು ತಯಾರಾಗಿದ್ದರು. ಪಿಲಾನಿಯ ಸೀರಿ ಸಂಸ್ಥೆಯಲ್ಲಿ ಸನ್‌ರೇ ಹೆಸರಿನ ಕೋಡು ಹುಟ್ಟಿತು. ಹೆಲಿಕ್ಸನ್ನು ಎತ್ತಿಹಿಡಿಯುವ ಪಿಂಗಾಣಿಯಂಥ ಕಡ್ಡಿಗಳು ಅಲೆಯ ವೇಗವನ್ನು ಹೇಗೆ ಬದಲಿಸುತ್ತವೆ ಎಂಬುದರ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಿ.ಎನ್. ಬಸು ಮತ್ತು ಅವರ ಶಿಷ್ಯರು ಮಾಡಿದ ಕೆಲಸವನ್ನು ಜಾಲಹಳ್ಳಿಯಲ್ಲಿ ಕೂತು ನಾವು ದಿನವೂ ಬಳಸುತ್ತಿದ್ದೆವು. ಬೆಂಗಳೂರು, ಪಿಲಾನಿ, ವಾರಾಣಸಿ ಈ ಮೂರೂ ಊರುಗಳ ನಡುವೆ ಓಡಾಡಿದ ಫ್ಲಾಪಿಗಳಿಗೆ ಲೆಕ್ಕವಿಲ್ಲ.

ಆಮೇಲೆ ದೊಡ್ಡ ಸಾಫ್ಟ್‌ವೇರ್‌ಗಳು ಬಂದವು. ಜರ್ಮನಿಯ ಥಾಮಸ್ ವೈಲಾಂಡ್ ಮತ್ತು ಸಂಗಡಿಗರ ಮಾಫಿಯಾ, ಅದರ ಬೆನ್ನಿಗೆ ಸಿಎಸ್‌ಟಿ. ಟ್ಯೂಬನ್ನು ಮೂರು ಆಯಾಮದಲ್ಲಿ, ಸ್ಕ್ರೂ ಸಹಿತ ಚಿತ್ರಿಸಬಹುದು. ಜಾಗವನ್ನೆಲ್ಲ ಪುಟ್ಟ ಡಬ್ಬಿಗಳಾಗಿ ಸೀಳಿ, ಲಕ್ಷಗಟ್ಟಲೆ ಕಣಗಳನ್ನು ಬಿಟ್ಟು, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕ್ಷಣಕ್ಷಣಕ್ಕೂ ಬಿಡಿಸುತ್ತಾ ಹೋಗುವ ವಿಧಾನ ಅದು. ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಎಲೆಕ್ಟ್ರಾನ್‌ಗಳು ಗುಂಪುಗೂಡಿ ಓಡುವುದನ್ನು ಮೊದಲ ಸಲ ನೋಡಿದಾಗ ವಿಭಾಗದವರೆಲ್ಲ ಒಂದೇ ಕುರ್ಚಿಯ ಹಿಂದೆ ಜಮಾಯಿಸಿದ್ದೆವು. ಗ್ರಾಫ್ ಹಾಳೆಯ ಕಾಲ ಮುಗಿಯಿತು.

ಹೆಲಿಕ್ಸಿನ ಅಲೆಯ ವೇಗ ಅಳೆಯಲು ಮೊದಲು ಮಾದರಿ ಮಾಡಿಸಿ, ಬೆಂಚಿನ ಮೇಲೆ ಅಳೆದು, ಪಿಚ್ಚು ಬದಲಿಸಿ ಮತ್ತೆ ಮಾಡಿಸುತ್ತಿದ್ದೆವು. ಅದರಲ್ಲಿ ಹೆಚ್ಚಿನದನ್ನು ಈ ಸಾಫ್ಟ್‌ವೇರ್ ಉಳಿಸಿತು. ಸಂಕೇತ ಒಳಗೆ ಬರುವ, ಹೊರಗೆ ಹೋಗುವ ಬಾಗಿಲುಗಳ ವಿನ್ಯಾಸವಂತೂ ಇದರಿಂದಲೇ ನೆಟ್ಟಗಾಯಿತು. ಮ್ಯಾಗ್ನೆಟ್ರಾನಿನ ಮಾತು ಬಂದರೆ ನಾನು ದೊಡ್ಡ ಕೋಡಿನ ಪಕ್ಷವೇ. 1940ರಲ್ಲಿ ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ರ‍್ಯಾಂಡಲ್, ಬೂಟ್ ಇಬ್ಬರೂ ಮಾಡಿದ ಟ್ಯೂಬು ಇವತ್ತು ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಕೂತಿದೆ. ಅದರೊಳಗೆ ಎಲೆಕ್ಟ್ರಾನ್‌ಗಳು ಚಕ್ರದ ಅರೆಗಳಂತೆ ಗುಂಪುಗೂಡಿ ಗಿರಗಿರ ಸುತ್ತುತ್ತವೆ. ಬಿಲ್ಲೆಗಳ ಸಾಲು ಇಲ್ಲಿ ಕೆಲಸಕ್ಕೆ ಬಾರದು.

ಆದರೆ ದೊಡ್ಡ ಕೋಡಿಗೆ ಬೆಲೆ ಇದೆ, ಮತ್ತು ಅದು ಲೈಸೆನ್ಸಿನ ಬೆಲೆ ಮಾತ್ರವಲ್ಲ. ಡಬ್ಬಿಯ ಅಳತೆಯನ್ನು ಅರ್ಧ ಮಾಡಿದರೆ ಡಬ್ಬಿಗಳ ಸಂಖ್ಯೆ ಎಂಟು ಪಟ್ಟು. ಒಂದು ಹೆಜ್ಜೆಯಲ್ಲಿ ಬೆಳಕು ಒಂದು ಡಬ್ಬಿಯನ್ನು ದಾಟಿ ಹೋಗಬಾರದೆಂಬ ನಿಯಮ ಇರುವುದರಿಂದ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ ಹದಿನಾರು ಪಟ್ಟು. ಹೆಲಿಕ್ಸಿನ ತೆಳು ಪಟ್ಟಿಯನ್ನು ಸರಿಯಾಗಿ ಹಿಡಿಯಲು ಡಬ್ಬಿ 0.05 ಮಿಲಿಮೀಟರ್ ಇಟ್ಟರೆ, 10 ಗಿಗಾಹರ್ಟ್ಸ್‌ ಅಲೆಯ ಒಂದೇ ಆವರ್ತಕ್ಕೆ ಸುಮಾರು ಸಾವಿರ ಹೆಜ್ಜೆ. ಟ್ಯೂಬು ಸ್ಥಿಮಿತಕ್ಕೆ ಬರಲು ಇಂಥ ಆವರ್ತಗಳು ನೂರಾರು ಬೇಕು. ಒಂದು ರನ್ ಹಾಕಿ ಮನೆಗೆ ಹೋಗಿ, ನಾಳೆಯೋ ನಾಡಿದ್ದೋ ಬಂದು ನೋಡುವ ಪರಿಸ್ಥಿತಿ. ಅಷ್ಟು ಕಾಯಿಸಿ ಬಂದ ಉತ್ತರದ ಮೇಲೆ ಯಾರಿಗೂ ಅನುಮಾನ ಪಡುವ ಮನಸ್ಸಾಗುವುದಿಲ್ಲ. ಡಬ್ಬಿ ದಪ್ಪವಾಗಿದ್ದರೆ ಹೆಲಿಕ್ಸಿನ ದುಂಡು ಮೆಟ್ಟಿಲಾಗುತ್ತದೆ, ಅಲೆಯ ವೇಗ ಒಂದಿಷ್ಟು ಸರಿಯುತ್ತದೆ, ಗೇನು ಎಲ್ಲಿಗೋ ಹೋಗುತ್ತದೆ. ಚಿತ್ರ ಮಾತ್ರ ಅಷ್ಟೇ ಚೆಂದ.

ಕೊನೆಯ ವರ್ಷಗಳಲ್ಲಿ ನಮ್ಮ ಗುಂಪಿಗೆ ಬಂದ ಹುಡುಗರು ಹುಡುಗಿಯರು ನಮಗಿಂತ ಬುದ್ಧಿವಂತರು. ಸಾಫ್ಟ್‌ವೇರಿನ ಪ್ರತಿ ಮೆನುವೂ ಅವರ ಬೆರಳ ತುದಿಯಲ್ಲಿ. “ಸಾರ್, ಗೇನು 3 ಡೆಸಿಬೆಲ್ ಕಡಿಮೆ ಬರ್ತಿದೆ, ಇನ್ನೊಂದು ರನ್ ಹಾಕ್ಲಾ?” ಎಂದು ಕೇಳುತ್ತಿದ್ದರು. “ಹಾಕಿ, ಆದ್ರೆ ಅದಕ್ಕೂ ಮುಂಚೆ ಯಾಕೆ ಕಡಿಮೆ ಬಂತು ಅಂತ ಒಂದು ಊಹೆ ಹೇಳಿ” ಎಂದರೆ ಮುಖ ಸಣ್ಣದಾಗುತ್ತಿತ್ತು. ಅವರಲ್ಲಿ ಒಬ್ಬಾಕೆ ಮಾತ್ರ ಹಟ ಹಿಡಿದು ನಮ್ಮ ಹಳೆಯ ಬಿಲ್ಲೆ ಕೋಡನ್ನು ಹುಡುಕಿ ತೆಗೆದು ಪೈಥಾನ್‌ಗೆ ಬದಲಾಯಿಸಿದಳು. ಈಗಿನ ಲ್ಯಾಪ್‌ಟಾಪಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಮಧ್ಯಾಹ್ನ ಪಿಚ್ಚನ್ನು ಬಗೆಬಗೆಯಾಗಿ ಬದಲಿಸುತ್ತಾ ಕೂತವಳು, ಸಂಜೆ ಬಂದು ಯಾವ ಪಿಚ್ಚಿಗೆ ದೊಡ್ಡ ರನ್ ಹಾಕಬೇಕೆಂದು ಹೇಳಿದಳು, ಯಾಕೆಂದೂ ಹೇಳಿದಳು. ದೊಡ್ಡ ಕೋಡು ಅವಳ ಮಾತನ್ನು ಬಹುಪಾಲು ಒಪ್ಪಿತು. ಒಪ್ಪದ ಕಡೆ ಯಾಕೆ ಒಪ್ಪಲಿಲ್ಲ ಎಂಬುದನ್ನು ಅವಳೇ ಹುಡುಕಿದಳು.

ಇದು ಹಳಬನ ಹಳಹಳಿಕೆ ಎಂದು ಯಾರಿಗಾದರೂ ಅನಿಸಿದರೆ ಜಿನೀವಾ ಕಡೆ ನೋಡಲಿ. ಕ್ಲೈಸ್ಟ್ರಾನ್ ಎಂಬುದು ವೇರಿಯನ್ ಸಹೋದರರು 1937ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಡುಹಿಡಿದ ಟ್ಯೂಬು. ಅದರ ದಕ್ಷತೆಯ ಬಗ್ಗೆ ಹೇಳಬೇಕಾದದ್ದೆಲ್ಲ ಮುಗಿದಿದೆ ಎಂದು ಎಷ್ಟೋ ಜನ ನಂಬಿದ್ದರು. ಕಣ ವೇಗವರ್ಧಕಗಳ ವಿದ್ಯುತ್ ಬಿಲ್ಲು ಇಳಿಸಬೇಕೆಂದು ಹೊರಟ ಜಿನೀವಾದ ಸರ್ನ್ ಸಂಸ್ಥೆಯ ತಂಡ ಕಳೆದ ದಶಕದಲ್ಲಿ ಆ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. ಎಲೆಕ್ಟ್ರಾನ್‌ಗಳನ್ನು ಗುಂಪುಗೂಡಿಸುವ ಹೊಸ ಬಗೆಗಳನ್ನು ಅವರು ಜಾಲಾಡಿದ್ದು ಕ್ಲೈಸಿ ಎಂಬ, ತಾವೇ ಬರೆದ, ಹಗುರವಾದ ವೇಗದ ಕೋಡಿನಲ್ಲಿ. ದೊಡ್ಡ ಮೂರು ಆಯಾಮದ ಕೋಡು ಬಂದದ್ದು ಆಮೇಲೆ, ತಾಳೆ ನೋಡುವುದಕ್ಕೆ. ಯೋಚನೆಗೆ ಚಿಕ್ಕದು, ಪರೀಕ್ಷೆಗೆ ದೊಡ್ಡದು: ಆ ಕ್ರಮ ಅಲ್ಲೂ ಬದಲಾಗಲಿಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಕ್ರೋವೇವ್ ಪಾಠ ಮಾಡುವ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ ಇದೆ. ಟಿಡಬ್ಲ್ಯೂಟಿಯ ಪಾಠವನ್ನು ಪರೀಕ್ಷೆಗೆ ಬರುವ ಒಂದು ಚಿತ್ರ, ಒಂದು ಸೂತ್ರಕ್ಕೆ ಮುಗಿಸಬೇಡಿ. ಮೂವತ್ತೆರಡು ಬಿಲ್ಲೆಗಳ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸಿ. ಅದಕ್ಕೆ ಲೈಸೆನ್ಸು ಬೇಡ, ಡಾಂಗಲ್ ಬೇಡ, ಯಾವ ದೇಶದ ಅನುಮತಿಯೂ ಬೇಡ. ಕೆಲವು ನೂರು ಸಾಲು ಪೈಥಾನ್ ಮತ್ತು ಒಂದು ಸೆಮಿಸ್ಟರಿನ ತಾಳ್ಮೆ ಸಾಕು. ಹಾಗೆ ಬರೆದ ಹುಡುಗ ಹುಡುಗಿಯರು ಮುಂದೆ ಯಾವ ದೊಡ್ಡ ಸಾಫ್ಟ್‌ವೇರಿನ ಮುಂದೆ ಕೂತರೂ, ಉತ್ತರ ಬರುವ ಮೊದಲೇ ಅದು ಎಷ್ಟಿರಬೇಕು ಎಂಬ ಅಂದಾಜು ಅವರಲ್ಲಿರುತ್ತದೆ. ಟ್ಯೂಬು ಮಾಡಲು ಅಂಥವರೇ ಬೇಕು.